ಹಿಂದಕ್ಕೆ ತಿರುಗಿದ ನದಿಯ ಊರಿನಲ್ಲಿ

ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಕೆಲಸ ಮಾಡಿದ ಎಂಜಿನಿಯರ್. ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು. ಆದರೂ ಎಲ್ಲಿ ನೀರು ಕಂಡರೂ ಅದು ಎಲ್ಲಿಂದ ಬರ್ತಿದೆ, ಎಲ್ಲಿಗೆ ಹೋಗ್ತಿದೆ ಅಂತ ಮೊದಲು ವಿಚಾರಿಸುತ್ತಾರೆ. ಕಳೆದ ವರ್ಷ, 2025ರ ಬೇಸಿಗೆಯಲ್ಲಿ ತಮ್ಮ ನಮ್ಮನ್ನೆಲ್ಲ ಶಿಕಾಗೋಗೆ ಕರೆದಾಗ ಅಪ್ಪ ನೋಡಲೇಬೇಕು ಅಂದದ್ದು ಶಿಕಾಗೋ ನದಿಯನ್ನು. ಆ ನದಿಯನ್ನು ಅದು ಹರಿಯುತ್ತಿದ್ದ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿದ್ದಾರೆ ಅಂತ ಕಾಲೇಜಿನಲ್ಲೇ ಓದಿದ್ದರಂತೆ. ಅಮ್ಮ ಕೇಳಿದ್ದು ಎರಡೇ: ವಿವೇಕಾನಂದರು ಮಾತಾಡಿದ ಜಾಗ, ಶಿಕಾಗೋ ಹತ್ತಿರದ ಲೆಮಾಂಟ್ ಊರಿನ ರಾಮನ ಗುಡಿ. ನನ್ನ ಮಗಳು ಮತ್ತು ತಮ್ಮನ ಮಗನಿಗೆ ಡೈನೋಸಾರ್ ಬೇಕಿತ್ತು. ನಾನು, ನನ್ನ ಗಂಡ ಇವರೆಲ್ಲರ ಹಿಂದೆ ಹೊರಟೆವು.

ತಮ್ಮನ ಮನೆ ಇರುವುದು ನೇಪರ್‌ವಿಲ್‌ನಲ್ಲಿ. ಶಿಕಾಗೋದ ಪಶ್ಚಿಮಕ್ಕಿರುವ ಉಪನಗರ. ಈ ಸುತ್ತಲಿನ ಊರುಗಳಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಇಲ್ಲಿನ ವಿದ್ಯಾರಣ್ಯ ಕನ್ನಡ ಕೂಟ ಹಳೆಯದು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ 2008ರ ಸಮ್ಮೇಳನ ನಡೆದದ್ದೂ ಶಿಕಾಗೋದಲ್ಲೇ. ಸಂಜೆ ವಾಕಿಂಗ್ ಹೋದ ಅಮ್ಮ ತುಮಕೂರಿನ ಒಬ್ಬರನ್ನು ಪರಿಚಯ ಮಾಡಿಕೊಂಡೇ ಮನೆಗೆ ಬಂದರು.

ಬುಧವಾರ

ತಮ್ಮ ರಜೆ ಹಾಕಿದ್ದ. ಕಾರು ತೆಗೆಯದೆ ಉಪನಗರಗಳ ಮೆಟ್ರಾ ರೈಲು ಹತ್ತಿದೆವು. ಅದು ಎರಡು ಅಂತಸ್ತಿನ ರೈಲು. ಮಕ್ಕಳು ಸೀದಾ ಮೇಲಕ್ಕೆ ಓಡಿದರು. ಇಳಿದದ್ದು ಯೂನಿಯನ್ ಸ್ಟೇಷನ್‌ನಲ್ಲಿ. 1925ರಲ್ಲಿ ಕಟ್ಟಿ ಮುಗಿಸಿದ ನಿಲ್ದಾಣ. ಅದರ ದೊಡ್ಡ ಹಾಲ್‌ನಲ್ಲಿ ಗಾಜಿನ ಚಾವಣಿಯಿಂದ ಬೆಳಕು ಇಳಿಯುತ್ತದೆ. ಉದ್ದನೆಯ ಮರದ ಬೆಂಚುಗಳಿವೆ. ರೈಲು ಹಿಡಿಯುವ ಅವಸರ ಇಲ್ಲದಿದ್ದರೆ ಒಂದಿಷ್ಟು ಹೊತ್ತು ಸುಮ್ನೆ ಕೂತು ಬನ್ನಿ.

ಸ್ಟೇಷನ್‌ನಿಂದ ಹೊರಬಂದರೆ ನದಿಯ ದಕ್ಷಿಣದ ಕವಲು ಎದುರಿಗೇ ಸಿಗುತ್ತದೆ. ನೀರು ಹಸಿರು ಬಣ್ಣ, ಹರಿವು ಕಣ್ಣಿಗೆ ಕಾಣುವುದೇ ಇಲ್ಲ. ಅಪ್ಪ ಸೇತುವೆಯ ಕಂಬಿ ಹಿಡಿದು, ತೇಲುತ್ತಿದ್ದ ಒಂದು ಎಲೆಯನ್ನು ಬಹಳ ಹೊತ್ತು ನೋಡಿದರು. ಅದು ದಕ್ಷಿಣಕ್ಕೆ, ಅಂದರೆ ಸರೋವರ ಬಿಟ್ಟು ದೂರಕ್ಕೆ, ನಿಧಾನವಾಗಿ ಸರಿಯುತ್ತಿತ್ತು. 'ನೋಡಮ್ಮ, ಹೋಗ್ತಿದೆ!' ಅಂದರು.

ಈ ಕಥೆ ಸ್ವಲ್ಪ ಹೇಳಬೇಕು. ಶಿಕಾಗೋ ನದಿ ಮೊದಲು ಮಿಶಿಗನ್ ಸರೋವರಕ್ಕೆ ಸೇರುತ್ತಿತ್ತು. ಊರಿನ ಕೊಳಚೆಯೆಲ್ಲ ನದಿಗೆ, ನದಿಯಿಂದ ಸರೋವರಕ್ಕೆ. ಊರು ಕುಡಿಯುತ್ತಿದ್ದದ್ದೂ ಅದೇ ಸರೋವರದ ನೀರನ್ನು. ಟೈಫಾಯ್ಡ್ ಮತ್ತೆ ಮತ್ತೆ ಬರುತ್ತಿತ್ತು. ಕೊನೆಗೆ 28 ಮೈಲಿ ಉದ್ದದ ಕಾಲುವೆ ತೋಡಿದರು. 1892ರಲ್ಲಿ ಶುರುವಾಗಿ 1900ರ ಜನವರಿಯಲ್ಲಿ ಅದಕ್ಕೆ ನೀರು ಬಿಟ್ಟರು. ಕಾಲುವೆಯ ತಳವನ್ನು ಸರೋವರದ ಮಟ್ಟಕ್ಕಿಂತ ಸಾಕಷ್ಟು ಕೆಳಗಿಟ್ಟು, ಇಳಿಜಾರನ್ನು ಆಚೆ ಕಡೆಗೆ ಕೊಟ್ಟರು. ಸರೋವರಕ್ಕೆ ಹೋಗುತ್ತಿದ್ದ ನದಿ ಈಗ ಸರೋವರದ ನೀರನ್ನೇ ಎಳೆದುಕೊಂಡು ಡೆಸ್ ಪ್ಲೇನ್ಸ್, ಇಲಿನಾಯ್ ನದಿಗಳ ಮೂಲಕ ಮಿಸಿಸಿಪ್ಪಿಗೆ ಹೊರಟಿತು. ಕೆಳಗಿನ ಸೇಂಟ್ ಲೂಯಿಸ್ ಊರಿನವರು ಕುಡಿಯುವುದು ಮಿಸಿಸಿಪ್ಪಿಯ ನೀರು. ನಿಮ್ಮ ಹೊಲಸನ್ನು ನಮ್ಮ ಕಡೆ ತಳ್ಳುತ್ತಿದ್ದೀರಿ ಅಂತ ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಆರೋಪ ಸಾಬೀತಾಗಿಲ್ಲ ಅಂತ 1906ರಲ್ಲಿ ತೀರ್ಪು ಬಂತು.

ದೋಣಿ ವಿಹಾರಗಳಲ್ಲಿ ಎರಡು ಬಗೆ. ಒಂದು ನದಿಯಲ್ಲೇ ಓಡಾಡಿ ಕಟ್ಟಡಗಳನ್ನು ತೋರಿಸುತ್ತದೆ. ಇನ್ನೊಂದು ನದಿಯಿಂದ ಸರೋವರಕ್ಕೂ ಹೋಗಿ ಬರುತ್ತದೆ. ಅಪ್ಪನಿಗಾಗಿ ಎರಡನೆಯದನ್ನು ಆರಿಸಿದೆವು. ಅದು ಲಾಕ್ ದಾಟಿ, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ತೊಟ್ಟಿಯ ಮೂಲಕ, ಹೋಗುತ್ತದಲ್ಲ!

ಮೊದಲು ಕಟ್ಟಡಗಳು. ಮುಸುಕಿನ ಜೋಳದ ತೆನೆಯಂತಹ ಜೋಡಿ ಗೋಪುರ ಮರೀನಾ ಸಿಟಿ. ಅದರ ಕೆಳಗಿನ 19 ಅಂತಸ್ತು ಬರೀ ಕಾರು ನಿಲ್ಲಿಸಲಿಕ್ಕೆ. ನೀರಿನ ಕಡೆ ಮುಖ ಮಾಡಿ, ಅಂಚಿನವರೆಗೂ ಕಾರುಗಳು ನಿಂತಿರುತ್ತವೆ. ಆಮೇಲೆ ಇಡೀ ಬೀದಿಯನ್ನೇ ತುಂಬಿದಂತಹ ಮರ್ಚಂಡೈಸ್ ಮಾರ್ಟ್, 1930ರದ್ದು. ಜೀನ್ ಗ್ಯಾಂಗ್ ವಿನ್ಯಾಸ ಮಾಡಿದ ಅಕ್ವಾ ಟವರ್‌ನ ಬಾಲ್ಕನಿಗಳು ಒಂದೊಂದು ಅಂತಸ್ತಿನಲ್ಲಿ ಒಂದೊಂದು ರೀತಿ ಹೊರಚಾಚಿವೆ. ಕೆಳಗಿನಿಂದ ನೋಡಿದರೆ ಗೋಡೆಯೇ ಅಲೆಯೆದ್ದ ಹಾಗಿದೆ. ಕತ್ತು ನೋಯುವವರೆಗೂ ನೋಡಿದೆವು.

ನದಿಯೂ ಸರೋವರವೂ ಕೂಡುವ ಕಡೆ ಲಾಕ್. 1938ರಲ್ಲಿ ಮುಗಿದದ್ದು. 600 ಅಡಿ ಉದ್ದ, 80 ಅಡಿ ಅಗಲದ ಕಾಂಕ್ರೀಟ್ ತೊಟ್ಟಿ, ಎರಡೂ ತುದಿಗೆ ಗೇಟು. ನಮ್ಮ ದೋಣಿ, ಜೊತೆಗೆ ಇನ್ನೂ ಕೆಲವು ದೋಣಿಗಳು ಒಳಗೆ ಬಂದವು. ಹಿಂದಿನ ಗೇಟು ಮುಚ್ಚಿತು. ಸರೋವರದ ನೀರು ನದಿಗಿಂತ ಮೇಲಿದೆ, ಆ ದಿನ ಎರಡಡಿಯಷ್ಟು. ನೀರು ತುಂಬಿಸಲು ಪಕ್ಕದಲ್ಲಿ ತೂಬು ಇರುತ್ತದೆ ಅಂತ ಅಪ್ಪ ಹುಡುಕುತ್ತಿದ್ದರು. ತೂಬು ಇಲ್ಲ. ಮುಂದಿನ ಜೋಡಿ ಗೇಟುಗಳ ನಡುವೆ ಒಂದು ಸಣ್ಣ ಸಂದು ತೆರೆಯಿತು. ಆ ಸಂದಿನಿಂದ ಬಿಳಿ ನೊರೆ ಎದ್ದು ನೀರು ಒಳಗೆ ಬಂತು. ದೋಣಿ ಕುಲುಕಲಿಲ್ಲ. ಗೋಡೆಯ ಮೇಲಿನ ಪಾಚಿಯ ಗೆರೆಯಷ್ಟೇ ಒಂದೊಂದಾಗಿ ಮುಳುಗುತ್ತಾ ಹೋಯಿತು. ಎರಡೂ ಕಡೆ ಮಟ್ಟ ಸಮವಾದ ಮೇಲೆ ಗೇಟುಗಳು ಪಕ್ಕಕ್ಕೆ ಸರಿದು ಗೋಡೆಯೊಳಗೆ ಅಡಗಿದವು. ಎದುರಿಗೆ ಇಡೀ ಸರೋವರ!

ಅಪ್ಪನಿಗೆ ಗೇಟು ಅಂದರೆ ಸುಮ್ಮನೆ ಅಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದ ರಾತ್ರಿ ಅವರು ನಿದ್ದೆ ಮಾಡಿರಲಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲಿಗೆ ಇಳಿಸುವ ತಾತ್ಕಾಲಿಕ ತಡೆ) ಇಳಿಸಿ ನೀರು ನಿಲ್ಲಿಸುವವರೆಗೂ ಟಿವಿ ಮುಂದಿನಿಂದ ಎದ್ದಿರಲಿಲ್ಲ. ಲಾಕ್‌ನೊಳಗೆ ನಿಂತಿದ್ದಾಗ ಮೊಮ್ಮಗನಿಗೆ ಅದನ್ನೆಲ್ಲ ವಿವರಿಸಿದರು. ಅವನಿಗೆ ಎಷ್ಟು ಅರ್ಥವಾಯಿತೋ, ತಾತನ ಕೈ ಮಾತ್ರ ಬಿಡಲಿಲ್ಲ.

ಮಿಶಿಗನ್ ಸರೋವರದ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೇ ಒಂದು ಪಾಲಿಗೆ ಹತ್ತಿರ. ಆಚೆ ದಡ ಕಾಣುವುದಿಲ್ಲ. ಇಷ್ಟು ನೀರಿದ್ದರೂ ಶಿಕಾಗೋ ತನಗೆ ಬೇಕಾದಷ್ಟು ಎಳೆದುಕೊಳ್ಳುವ ಹಾಗಿಲ್ಲ. ವಿಸ್ಕಾನ್ಸಿನ್ ಮುಂತಾದ ಅಕ್ಕಪಕ್ಕದ ರಾಜ್ಯಗಳು ನೀರಿಗಾಗಿ ದಶಕಗಟ್ಟಲೆ ಕೋರ್ಟಿನಲ್ಲಿ ಹೋರಾಡಿದವು. 1967ರಲ್ಲಿ ಸುಪ್ರೀಂ ಕೋರ್ಟ್ ಮಿತಿ ಹಾಕಿತು: ಕುಡಿಯುವ ನೀರೂ ಸೇರಿ ಸರಾಸರಿ 3,200 ಕ್ಯುಸೆಕ್. ತಮ್ಮ ಇದನ್ನು ಓದಿ ಹೇಳಿದಾಗ ಅಪ್ಪ ಅವನ ಫೋನ್ ಇಸಿದುಕೊಂಡು ಇನ್ನೊಮ್ಮೆ ಓದಿದರು. ಕ್ಯುಸೆಕ್ ಲೆಕ್ಕ, ಮೇಲಿನ ರಾಜ್ಯ, ಕೆಳಗಿನ ರಾಜ್ಯ, ಕೋರ್ಟು. ಕಾವೇರಿ, ಕೃಷ್ಣಾ ಸುದ್ದಿ ಕೇಳುತ್ತಾ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಗುರುವಾರ

ಮಿಲೇನಿಯಂ ಪಾರ್ಕ್. ಎಲ್ಲರ ಫೋಟೋದಲ್ಲೂ ಇರುವ ಆ ಹೊಳೆಯುವ ಉಕ್ಕಿನ ಆಕೃತಿಯ ಹೆಸರು ಕ್ಲೌಡ್ ಗೇಟ್. ಊರಿನವರಿಗೆ ಅದು ಬೀನ್. ಮಾಡಿದವರು ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್. 168 ಸ್ಟೇನ್‌ಲೆಸ್ ಉಕ್ಕಿನ ತಗಡುಗಳನ್ನು ಬೆಸೆದಿದ್ದಾರೆ, 66 ಅಡಿ ಉದ್ದ, 33 ಅಡಿ ಎತ್ತರ. ಬೆಸುಗೆ ಎಲ್ಲಾದರೂ ಕಾಣುತ್ತಾ ಅಂತ ಅಪ್ಪ, ನನ್ನ ಗಂಡ ಇಬ್ಬರೂ ಕೈ ಸವರಿ ಸವರಿ ನೋಡಿದರು. ಒಂದು ಗೆರೆಯೂ ಸಿಗಲಿಲ್ಲ. ಅಷ್ಟು ಉಜ್ಜಿ ನುಣುಪು ಮಾಡಿದ್ದಾರೆ. ಅಡಿಯಲ್ಲಿ ನಿಂತು ತಲೆ ಎತ್ತಿದರೆ ನಮ್ಮದೇ ಮುಖ ಹತ್ತಾರು ಕಡೆ ಎಳೆದಾಡಿದ ಹಾಗೆ ಕಾಣುತ್ತದೆ. ಅಮ್ಮ ಅಲ್ಲಿ ತಮ್ಮ ಸೀರೆಯ ಕೆಂಪು ಅಂಚನ್ನು ಹುಡುಕಿ ಹಿಡಿದರು.

ಪಕ್ಕದಲ್ಲೇ ಕ್ರೌನ್ ಫೌಂಟನ್. 50 ಅಡಿ ಎತ್ತರದ ಎರಡು ಗಾಜಿನ ಗೋಪುರಗಳು ಎದುರುಬದುರಾಗಿ ನಿಂತಿವೆ. ಅವುಗಳ ಮೇಲೆ ಶಿಕಾಗೋದ ಸಾಮಾನ್ಯ ಜನರ ಮುಖಗಳು ಒಂದಾದ ಮೇಲೊಂದು ಬರುತ್ತವೆ. ಮುಖ ಕಣ್ಣು ಮಿಟುಕಿಸುತ್ತದೆ, ನಗುತ್ತದೆ, ಆಮೇಲೆ ತುಟಿ ಗುಂಡಗೆ ಮಾಡುತ್ತದೆ. ಬಾಯಿಂದ ನೀರು ಚಿಮ್ಮುತ್ತದೆ. ತುಟಿ ಗುಂಡಗಾದ ಕೂಡಲೇ ಎಲ್ಲ ಮಕ್ಕಳೂ ಆ ಕಡೆಗೆ ಓಡುವುದನ್ನು ನೋಡಬೇಕು! ಮಕ್ಕಳನ್ನು ಕರೆದುಕೊಂಡು ಹೋಗುವವರು ಬದಲಿ ಬಟ್ಟೆ ಇಟ್ಟುಕೊಳ್ಳಿ.

ರಸ್ತೆ ದಾಟಿದರೆ ಆರ್ಟ್ ಇನ್‌ಸ್ಟಿಟ್ಯೂಟ್, ಬಾಗಿಲಲ್ಲಿ ಎರಡು ಕಂಚಿನ ಸಿಂಹ. ಅಮ್ಮನಿಗೆ ಮಂಡಿನೋವು. ಕೇಳಿದ ಕೂಡಲೇ ಅಲ್ಲಿಯವರೇ ಗಾಲಿಕುರ್ಚಿ ಕೊಟ್ಟರು. ಹಿರಿಯರ ಜೊತೆ ಹೋದವರು ಸಂಕೋಚ ಪಡದೆ ಕೇಳಬೇಕು.

1893ರಲ್ಲಿ ಶಿಕಾಗೋದಲ್ಲಿ ಕೊಲಂಬಸ್ ಹೆಸರಿನ ವಿಶ್ವ ಮೇಳ ನಡೆಯಿತು. ಅದರ ಜೊತೆಗೇ ಸರ್ವಧರ್ಮ ಸಮ್ಮೇಳನ. ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಅಂದಿನ ಸಭಾಂಗಣ ತಾತ್ಕಾಲಿಕವಾಗಿ ಕಟ್ಟಿದ್ದು, ಈಗ ಇಲ್ಲ. ಫುಲರ್ಟನ್ ಹಾಲ್ ಬಳಿ ನೆನಪಿನ ಫಲಕವಿದೆ. ಅದರ ಹಿಂದಿನ ವರ್ಷವೇ, 1892ರಲ್ಲಿ, ಅವರು ಬೆಳಗಾವಿ, ಬೆಂಗಳೂರು, ಮೈಸೂರಿನಲ್ಲಿ ಇದ್ದರು. ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಪ್ರಯಾಣಕ್ಕೆ ನೆರವು ನೀಡಲು ಮುಂದಾಗಿದ್ದರು. ಅಮ್ಮನಿಗೆ ಇದೆಲ್ಲ ಬಾಯಿಪಾಠ. ಫಲಕದ ಮುಂದೆ ಕೈಮುಗಿದು, ಮಕ್ಕಳಿಬ್ಬರನ್ನೂ ಹತ್ತಿರ ಕರೆದು ಹೇಳಿದರು: 'ಆಗ ಅವರಿಗೆ 30 ವರ್ಷ. ಇಲ್ಲಿ ಅವರಿಗೆ ಗುರುತಿನವರೇ ಇರಲಿಲ್ಲ. ಆದರೂ ಎದ್ದು ನಿಂತು ಮಾತಾಡಿದರು.' ಹೊರಗೆ ಮಿಶಿಗನ್ ಅವೆನ್ಯೂದಲ್ಲಿ ಅವರ ಹೆಸರಿನ ಗೌರವ ಫಲಕವೂ ಇದೆ.

ಚಿತ್ರಗಳಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಸ್ಯೂರಾ ಬರೆದ ಗ್ರಾಂದ್ ಜಾತ್ ದ್ವೀಪದ ಭಾನುವಾರದ ಮುಂದೆ. ಸುಮಾರು ಮೂರು ಮೀಟರ್ ಅಗಲದ ಚಿತ್ರ. ಹತ್ತಿರ ಹೋದರೆ ಬರೀ ಚುಕ್ಕೆಗಳು. ನೆರಳಿನ ಹುಲ್ಲಿನಲ್ಲೂ ಕಿತ್ತಳೆ, ನೀಲಿ ಚುಕ್ಕೆಗಳಿವೆ. ಹಿಂದೆ ಸರಿಯುತ್ತಾ ಬಂದರೆ ಚುಕ್ಕೆಗಳು ಕರಗಿ ಹೆಂಗಸರು, ನಾಯಿ, ಕೊಡೆ ಮೂಡುತ್ತವೆ. ಮಗಳು ಹಿಂದೆ ಮುಂದೆ ನಡೆದು ಯಾವ ಜಾಗದಲ್ಲಿ ಚುಕ್ಕೆ ಮಾಯವಾಗುತ್ತದೆ ಅಂತ ಗುರುತು ಮಾಡಿಕೊಂಡಳು. ಪುಸ್ತಕದಲ್ಲಿ ಈ ಚಿತ್ರ ಎಷ್ಟು ಸಲ ನೋಡಿದ್ದರೂ ಈ ಸುಖ ಸಿಗುವುದಿಲ್ಲ.

ಇನ್ನೊಂದು ಕೋಣೆಯಲ್ಲಿ ನಾಗಪಟ್ಟಿಣದಿಂದ ಬಂದ 12ನೇ ಶತಮಾನದ ಕಲ್ಲಿನ ಬುದ್ಧ ಧ್ಯಾನದಲ್ಲಿ ಕೂತಿದ್ದಾನೆ. ಅಲ್ಲಿ ಜನ ಕಡಿಮೆ. ದಯವಿಟ್ಟು ತಪ್ಪಿಸಬೇಡಿ.

ಶುಕ್ರವಾರ

ತಮ್ಮ ಕೆಲಸಕ್ಕೆ ಹೋದ. ನಾವೇ ರೈಲು ಹಿಡಿದು ವಿಲಿಸ್ ಟವರ್‌ಗೆ ಹೋದೆವು. 110 ಅಂತಸ್ತು, 1,451 ಅಡಿ. 1973ರಲ್ಲಿ ಪೂರ್ಣ ಎತ್ತರ ಮುಟ್ಟಿದಾಗಿನಿಂದ 1998ರವರೆಗೆ ಲೋಕದಲ್ಲೇ ಅತಿ ಎತ್ತರದ ಕಟ್ಟಡ. ಆಗ ಇದರ ಹೆಸರು ಸಿಯರ್ಸ್ ಟವರ್. ಇದರ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಢಾಕಾದಲ್ಲಿ ಹುಟ್ಟಿದವರು. ಒಂಬತ್ತು ಚೌಕದ ಕೊಳವೆಗಳನ್ನು ಒಟ್ಟಿಗೆ ಕಟ್ಟಿ ನಿಲ್ಲಿಸಿದಂತೆ ಈ ಕಟ್ಟಡ. ಒಂದಕ್ಕೊಂದು ಆಸರೆಯಾಗಿ ಗಾಳಿಯ ಒತ್ತಡ ತಡೆಯುತ್ತವೆ. ಮೇಲೆ ಹೋದಂತೆ ಎರಡು ಮೂರು ಕೊಳವೆಗಳಂತೆ ನಿಂತು, ಕೊನೆಗೆ ಎರಡು ಮಾತ್ರ ತುದಿ ಮುಟ್ಟುತ್ತವೆ. ಹಾಗಾಗಿ ಕಡಿಮೆ ಉಕ್ಕಿನಲ್ಲಿ ಇಷ್ಟು ಎತ್ತರ ಸಾಧ್ಯವಾಯಿತು. ಪಕ್ಕದ ರಸ್ತೆಗೆ ಅವರ ಹೆಸರಿನ ಗೌರವ ಫಲಕ ಇದೆ. ಅಪ್ಪ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಅವರಾಗಿಯೇ ಕೇಳಿ ತೆಗೆಸಿಕೊಂಡ ಫೋಟೋ ಅದೊಂದೇ.

103ನೇ ಅಂತಸ್ತಿನಲ್ಲಿ ಗೋಡೆಯಿಂದ ನಾಲ್ಕಡಿಯಷ್ಟು ಹೊರಚಾಚಿದ ಗಾಜಿನ ಪೆಟ್ಟಿಗೆಗಳಿವೆ. ಕಾಲಡಿಗೂ ಗಾಜೇ. ಮಕ್ಕಳು ಹೋಗಿ ಮಲಗಿಯೇಬಿಟ್ಟರು. ಅಮ್ಮ ಗೋಡೆಯ ಪಕ್ಕ ಕೂತು, 'ಸಾಕು ಬನ್ರೋ' ಅನ್ನುತ್ತಲೇ ಇದ್ದರು. ಅಲ್ಲಿಂದ ನದಿಯ ಮೂರೂ ಕವಲು, ಲಾಕ್, ಸರೋವರ ಎಲ್ಲ ಒಟ್ಟಿಗೆ ಕಾಣುತ್ತವೆ. ಬುಧವಾರ ಓಡಾಡಿದ ದಾರಿಯನ್ನು ಬೆರಳಿನಿಂದ ಗಾಜಿನ ಮೇಲೆ ಗುರುತಿಸಿದೆವು.

ಮಧ್ಯಾಹ್ನ ಡೀಪ್ ಡಿಶ್ ಪಿಜ್ಜಾ. ಚೀಸ್ ಕೆಳಗೆ, ಟೊಮೆಟೊ ಸಾಸ್ ಮೇಲೆ. ಬೇಯಲು ಮುಕ್ಕಾಲು ಗಂಟೆ ಬೇಕು. ಒಬ್ಬರಿಗೆ ಒಂದು ತುಂಡು ಸಾಕು, ಎರಡನೆಯದು ಜಾಸ್ತಿಯೇ. ಆಮೇಲೆ ಎಲ್ ರೈಲು ಹತ್ತಿ ಪೇಟೆಯ ನಡುವೆ ಒಂದು ಸುತ್ತು ಹೊಡೆದೆವು. ಉಕ್ಕಿನ ಕಂಬಗಳ ಮೇಲೆ ಹಳಿ, 1897ರಿಂದ ಈ ಸುತ್ತು ಓಡುತ್ತಿದೆ. ಕಟ್ಟಡಗಳ ಎರಡನೇ ಅಂತಸ್ತಿನ ಕಿಟಕಿಗೆ ಕೈ ತಾಗುವಷ್ಟು ಹತ್ತಿರ. ತಿರುವಿನಲ್ಲಿ ಚಕ್ರ ಕಿರ್ ಅನ್ನುತ್ತದೆ. ಊರು ನೋಡಲು ಇದಕ್ಕಿಂತ ಅಗ್ಗದ, ಒಳ್ಳೆಯ ದಾರಿ ಬೇರೆ ಇಲ್ಲ.

ಶನಿವಾರ

ಬೆಳಿಗ್ಗೆ ಫೀಲ್ಡ್ ಮ್ಯೂಸಿಯಂ, ಮಕ್ಕಳ ದಿನ. ಸ್ಯೂ ಎಂಬ ಟಿ. ರೆಕ್ಸ್ 40 ಅಡಿ ಉದ್ದದ ನಿಜವಾದ ಅಸ್ಥಿಪಂಜರ, 1990ರಲ್ಲಿ ಸೌತ್ ಡಕೋಟಾದಲ್ಲಿ ಸಿಕ್ಕಿದ್ದು. ವಯಸ್ಸು ಸುಮಾರು 6.7 ಕೋಟಿ ವರ್ಷ. ತಮ್ಮನ ಮಗ ಅದರ ಒಂದೊಂದು ಎಲುಬಿನ ಹೆಸರು ಹೇಳಿದ. ನಾವು ಕೇಳಿದೆವು.

ಸಂಜೆ ಮಿಶಿಗನ್ ಅವೆನ್ಯೂದ ಹಳೆಯ ವಾಟರ್ ಟವರ್. ಸುತ್ತ ದುಬಾರಿ ಅಂಗಡಿಗಳು, ನಡುವೆ ಕೋಟೆಯ ಬುರುಜಿನಂತೆ ಹಳದಿ ಕಲ್ಲಿನ ಗೋಪುರ. 1869ರದ್ದು. 1871ರ ಅಕ್ಟೋಬರ್‌ನಲ್ಲಿ ಊರು ಸುಟ್ಟಾಗ ಸುಮಾರು 300 ಜನ ಸತ್ತರು, ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಈ ಗೋಪುರ ಉಳಿಯಿತು. ಬಹಳ ಜನ ಇಷ್ಟು ಓದಿ ಮುಂದೆ ಹೋಗುತ್ತಾರೆ. ಅದು ಏಕೆ ಕಟ್ಟಿದ್ದು ಅಂತ ಕೇಳಬೇಕು. ದಡದ ನೀರು ಹೊಲಸಾಯಿತು ಅಂತ ಸರೋವರದ ಅಡಿಯಲ್ಲಿ ಎರಡು ಮೈಲಿ ಸುರಂಗ ಕೊರೆದು, ದೂರದ ತಿಳಿನೀರು ತಂದರು. ಎದುರಿನ ಪಂಪ್‌ಹೌಸ್ ಆ ನೀರನ್ನು ಎತ್ತುತ್ತಿತ್ತು. ಪಂಪಿನ ಏರಿಳಿತದ ಒತ್ತಡ ಸಮ ಮಾಡಲು ಈ ಗೋಪುರದೊಳಗೆ 138 ಅಡಿಯ ನೆಟ್ಟಗಿನ ಪೈಪು ಇತ್ತು. ಅಷ್ಟೇ ಅಲ್ಲ, ಅದಕ್ಕೂ ಮೊದಲು ಈ ಊರಿನ ನೆಲ ಸರೋವರದ ಮಟ್ಟಕ್ಕೇ ಇದ್ದು, ಚರಂಡಿಗೆ ಇಳಿಜಾರೇ ಸಿಗುತ್ತಿರಲಿಲ್ಲ. ಆಗ ಚರಂಡಿ ಪೈಪನ್ನು ರಸ್ತೆಯ ಮೇಲೆಯೇ ಹಾಕಿ, ಮಣ್ಣು ತುಂಬಿ ರಸ್ತೆ ಎತ್ತರಿಸಿದರು. ಕಟ್ಟಡಗಳನ್ನು ಸ್ಕ್ರೂ ಜಾಕ್ ಕೊಟ್ಟು ಮೇಲೆತ್ತಿದರು, ಇಟ್ಟಿಗೆಯ ಹೋಟೆಲ್‌ಗಳನ್ನು ಒಳಗೆ ಜನ ಇದ್ದಂತೆಯೇ! ನೆಲ ಎತ್ತಿದರು, ಸುರಂಗ ಕೊರೆದರು, ಅದೂ ಸಾಲದಾದಾಗ ನದಿ ತಿರುಗಿಸಿದರು. ನನಗೆ ಶಿಕಾಗೋ ಇಷ್ಟವಾದದ್ದು ಇದಕ್ಕೇ. ಗಗನಚುಂಬಿಗಳ ಹೆಮ್ಮೆ ಇರಲಿ, ಅವು ನಿಂತಿರುವುದು ಈ ಚರಂಡಿ ಕೆಲಸದ ಮೇಲೆ. ಅಪ್ಪನಂಥವರು ಜೀವಮಾನವಿಡೀ ಮಾಡಿದ ಕೆಲಸಕ್ಕೆ ಯಾರೂ ಟಿಕೆಟ್ ಕೊಟ್ಟು ನೋಡಲು ಬರುವುದಿಲ್ಲ. ಇಲ್ಲಿ ಬರುತ್ತಾರೆ.

ರಾತ್ರಿ ಡೆವಾನ್ ಅವೆನ್ಯೂ. ಸೀರೆ, ಬೇಳೆ, ಚಿನ್ನ, ಪಾನ್, ಎಲ್ಲ ಒಂದೇ ಬೀದಿಯಲ್ಲಿ. ಅಮ್ಮ ಬದನೆಕಾಯಿ ಆರಿಸಿಕೊಂಡರು.

ಭಾನುವಾರ

ಲೆಮಾಂಟ್ ಊರು ಕಣಿವೆಯ ಅಂಚಿನಲ್ಲಿದೆ. ದಿಣ್ಣೆಯ ಮೇಲೆ ಗುಡಿ. ರಾಮನ ದೇವಾಲಯಕ್ಕೆ ಚೋಳ ಶೈಲಿಯ ಬಿಳಿ ಗೋಪುರ, ಪಕ್ಕದಲ್ಲಿ ಗಣೇಶ, ಶಿವ, ದುರ್ಗೆಯರ ಇನ್ನೊಂದು ದೇವಾಲಯ. ಆವರಣದಲ್ಲಿ ವಿವೇಕಾನಂದರ ಎತ್ತರದ ಕಂಚಿನ ಪ್ರತಿಮೆ. ಅಮ್ಮ ಅರ್ಚನೆ ಮಾಡಿಸಿದರು, ತೀರ್ಥ ತೆಗೆದುಕೊಂಡು ಬಹಳ ಹೊತ್ತು ಕಣ್ಣುಮುಚ್ಚಿ ಕೂತರು. ಕ್ಯಾಂಟೀನಿನಲ್ಲಿ ದೋಸೆ ತಿಂದೆವು.

ಅಪ್ಪನಿಗೆ ಅಲ್ಲಿ ಇನ್ನೊಂದು ಸಂತೋಷ ಕಾದಿತ್ತು. ಗುಡಿಯ ದಿಣ್ಣೆ ಇಳಿದು ಊರಿನ ಆಚೆ ಹೋದರೆ ಅದೇ ಕಾಲುವೆ! ಈ ಭಾಗದಲ್ಲಿ ಅದನ್ನು ಬಂಡೆಯಲ್ಲಿ ಕೊರೆದಿದ್ದಾರೆ. 160 ಅಡಿ ಅಗಲ, ಎರಡೂ ಬದಿ ನೆಟ್ಟಗೆ ಕಡಿದ ಕಲ್ಲಿನ ಗೋಡೆ. ಇಲ್ಲಿ ಮಣ್ಣು, ಕಲ್ಲು ಸಾಗಿಸಲು ಕಲಿತ ವಿಧಾನಗಳು ಆಮೇಲೆ ಪನಾಮಾ ಕಾಲುವೆಗೂ ನೆರವಾದವು. ವಾಟರ್ ಟವರ್‌ನ ಹಳದಿ ಕಲ್ಲು ಬಂದದ್ದೂ ಇದೇ ಕಣಿವೆಯ ಗಣಿಗಳಿಂದ. ಅಪ್ಪ ದಡದಲ್ಲಿ ಬಿದ್ದಿದ್ದ ಒಂದು ಚೂರನ್ನು ಉಗುರಿನಿಂದ ಕೆರೆದು, 'ಸುಣ್ಣಕಲ್ಲು' ಅಂದರು.

ತಿರುಗಿಸಿದ ನದಿಗೆ ತೆರಬೇಕಾದ ಬೆಲೆಯೂ ಇದೆ. ಮಿಸಿಸಿಪ್ಪಿಗೂ ಸರೋವರಗಳಿಗೂ ದಾರಿಯಾದ ಮೇಲೆ, ಅತ್ತ ಹಬ್ಬಿದ ಏಷ್ಯಾದ ಗೆಂಡೆ ಮೀನುಗಳು ಇತ್ತ ನುಗ್ಗುವ ಭಯ ಶುರುವಾಗಿದೆ. ಅವು ಬಂದರೆ ಸರೋವರದ ಮೀನುಗಳಿಗೆ ಆಹಾರ ಉಳಿಯಲಿಕ್ಕಿಲ್ಲ. ಅದಕ್ಕೆ ಲೆಮಾಂಟ್‌ನ ಸ್ವಲ್ಪ ಕೆಳಗೆ, ರೋಮಿಯೋವಿಲ್ ಬಳಿ, ಕಾಲುವೆಯ ನೀರಿನಲ್ಲೇ ವಿದ್ಯುತ್ ತಡೆ ಹಾಕಿದ್ದಾರೆ. 'ಕಾಲುವೆ ತೋಡಿದವರು ಮೀನಿನ ಬಗ್ಗೆ ಯೋಚಿಸಿರಲಿಕ್ಕಿಲ್ಲ. ನಾವೂ ಸವುಳು ಮಣ್ಣಿನ ಬಗ್ಗೆ ತಡವಾಗಿ ಯೋಚಿಸಿದೆವು' ಅಂದರು ಅಪ್ಪ. ನೀರು ಜಾಸ್ತಿಯಾಗಿ ಸವುಳು ಹಿಡಿದ ತುಂಗಭದ್ರಾ ಅಚ್ಚುಕಟ್ಟಿನ ಹೊಲಗಳನ್ನು ಅವರು ಕಣ್ಣಾರೆ ಕಂಡವರು.

ಇನ್ನೂ ಕೆಳಗೆ ಲಾಕ್‌ಪೋರ್ಟ್‌ನಲ್ಲಿ ದೊಡ್ಡ ಲಾಕ್ ಇದೆ, ಸರಕು ದೋಣಿಗಳು ಅಲ್ಲಿ ಸುಮಾರು 40 ಅಡಿ ಇಳಿಯುತ್ತವೆ. ಅಪ್ಪ ಆ ದಿನವೇ ಹೋಗೋಣ ಅಂದರು. ಮಕ್ಕಳಿಗೆ ನಿದ್ದೆ ಬಂದಿತ್ತು. ಮುಂದಿನ ಶನಿವಾರಕ್ಕೆ ಗೊತ್ತು ಮಾಡಿಕೊಂಡೆವು. 'ನಾನೂ ಬರ್ತೀನಿ ರೀ, ಪುಳಿಯೋಗರೆ ಕಟ್ಕೊಂಡು ಹೋಗೋಣ' ಅಂದರು ಅಮ್ಮ.